ಸೇನ್ ನದಿಯ ಅಳಿವೆಯಲ್ಲಿ

ನದಿಯ ಹುಟ್ಟನ್ನು ಅರಸಿಕೊಂಡು ಹೋಗುವ ಯಾತ್ರಿಕರು ನಮ್ಮಲ್ಲಿ ಬಹುಮಂದಿ. ಕೊಡಗಿಗೆ ಹೋದವರು ತಲಕಾವೇರಿಯನ್ನು ಕಾಣದೆ ಮರಳುವುದಿಲ್ಲ; ಗಂಗೋತ್ರಿಯನ್ನು ಕಂಡುಬಂದ ಹಿರಿಯರು ಆ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಾರೆ. ನದಿ ಮುಗಿಯುವ ಎಡೆಯ ವಿಷಯದಲ್ಲಿ ಮಾತ್ರ ಅಷ್ಟು ಉತ್ಸಾಹ ಕಾಣದು. ಗಂಗಾಸಾಗರದಂಥ ಒಂದೆರಡು ಕ್ಷೇತ್ರಗಳನ್ನು ಬಿಟ್ಟರೆ, ನದಿಯು ಕಡಲನ್ನು ಕೂಡುವ ತಾಣವು ಮೀನುಗಾರರಿಗೆ, ದೋಣಿಯವರಿಗೆ, ಸುಂಕದ ಅಧಿಕಾರಿಗಳಿಗೆ ಸೇರಿದ್ದೆಂದು ನಾವು ಭಾವಿಸಿದ್ದೇವೆ. ನಮ್ಮ ಕರಾವಳಿಯವರು ಅದಕ್ಕೆ ಅಳಿವೆ ಎನ್ನುತ್ತಾರೆ. ವ್ಯುತ್ಪತ್ತಿ ಏನೇ ಇರಲಿ, ಆ ಶಬ್ದವನ್ನು ಕೇಳಿದಾಗ ಅಳಿಯುವುದರ ನೆನಪೂ ಕಿವಿಗೆ ಬರುತ್ತದೆ. ನಾಮರೂಪಗಳನ್ನು ತೊರೆದು ಸಮುದ್ರದಲ್ಲಿ ಲೀನವಾಗುವ ನದಿಯನ್ನು ಮುಕ್ತಜೀವನಿಗೆ ಹೋಲಿಸಿದ ಉಪನಿಷತ್ತಿನ ಋಷಿಯೂ ಆ ನೆನಪಿಗೆ ಇಂಬು ಕೊಟ್ಟಿದ್ದಾನೆ.

ಯೂರೋಪಿನಲ್ಲಿ ಈ ಪ್ರಯಾಣದ ದಿಕ್ಕು ಬೇರೆ. ಅಲ್ಲಿನ ನದಿಗಳ ಮೇಲೆ ಸಾಗುವ ವಿಹಾರನೌಕೆಗಳಲ್ಲಿ ಹಲವು ನೀರಿನ ಹರಿವನ್ನೇ ಅನುಸರಿಸಿ ಕಡಲಿನ ಕಡೆಗೆ ಹೊರಡುತ್ತವೆ. ಫ್ರಾನ್ಸಿನ ಸೇನ್ ನದಿಯಲ್ಲಿ ಪ್ಯಾರಿಸ್ಸಿನಿಂದ ಹೊರಟು, ನಾರ್ಮಂಡಿ ಸೀಮೆಯನ್ನು ಹಾದು, ಇಂಗ್ಲಿಷ್ ಕಾಲುವೆಯ ಕರಾವಳಿಯನ್ನು ಮುಟ್ಟುವ ನೌಕೆಯೊಂದರಲ್ಲಿ ಒಂದು ವಾರವನ್ನು ಕಳೆಯುವ ಅವಕಾಶ ಈ ಲೇಖಕನಿಗೆ ಬೇಸಗೆಯ ರಜೆಯಲ್ಲಿ ಲಭಿಸಿತು. ದಾರಿಯಲ್ಲಿ ಕಂಡುದು ಬಹಳ. ಆದರೆ ಮನಸ್ಸಿನಲ್ಲಿ ಬೇರುಬಿಟ್ಟದ್ದು ಕೊನೆಯ ದಿನ ಕಂಡ ಮೂರು ಊರುಗಳು: ಓನ್‌ಫ್ಲರ್ ಎಂಬ ಹಳೆಯ ಬಂದರು, ಅದರ ಪಡುವಣದಲ್ಲಿರುವ ತ್ರೂವಿಲ್ ಮತ್ತು ದೋವಿಲ್ ಎಂಬ ಅವಳಿ ವಿಹಾರಪಟ್ಟಣಗಳು. ಅತಿಥಿಗಳಿಗಾಗಿಯೇ ಬದುಕುವ ಊರಿಗೆ ತನ್ನದೆನ್ನುವ ಬದುಕು ಎಷ್ಟು ಉಳಿದೀತು, ಆ ಊರನ್ನು ಅರ್ಧ ದಿನದಲ್ಲಿ ನೋಡಿ ಹೋಗುವ ಅತಿಥಿಗೆ ಏನು ಕಂಡೀತು ಎಂಬ ಪ್ರಶ್ನೆಗಳನ್ನು ಈ ಮೂರೂ ಊರುಗಳು ಒಂದೊಂದು ರೀತಿಯಲ್ಲಿ ಎತ್ತುತ್ತವೆ.

ಸೇನ್ ಬಹು ದೊಡ್ಡ ನದಿಯಲ್ಲ. ದಿಜೋನ್ ನಗರದ ಸಮೀಪದ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟದಿಂದ 500 ಮೀಟರಿಗಿಂತ ಕಡಮೆ ಎತ್ತರದಲ್ಲಿ ಹುಟ್ಟಿ, 777 ಕಿಲೋಮೀಟರ್ ಹರಿದು ಕಡಲಿಗೆ ಸೇರುತ್ತದೆ. ಇಳಿಜಾರು ಅಲ್ಪವಾದುದರಿಂದ ಅದಕ್ಕೆ ಅವಸರವಿಲ್ಲ. ಪ್ಯಾರಿಸ್ಸಿನಿಂದ ಕಡಲಿಗೆ ನೇರ ದಾರಿ ಇನ್ನೂರು ಕಿಲೋಮೀಟರಿನ ಒಳಗೆ. ನದಿಯಾದರೋ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಎಡಕ್ಕೂ ಬಲಕ್ಕೂ ಬಳಸಿ ಬಳಸಿ ಆ ದಾರಿಯನ್ನು ಹೆಚ್ಚುಕಡಮೆ ಇಮ್ಮಡಿಯಾಗಿಸುತ್ತದೆ. ಬೆಳಿಗ್ಗೆ ಬಲಗಡೆಯಲ್ಲಿ ಕಂಡ ಚರ್ಚಿನ ಗೋಪುರ ಮಧ್ಯಾಹ್ನಕ್ಕೆ ಎಡಗಡೆಯಲ್ಲಿ ಕಾಣುವುದುಂಟು. ಈ ಸೀಮೆಯಲ್ಲಿ ಸೇಬಿನ ತೋಪು, ಹಸುಗಳು ಮೇಯುವ ಹುಲ್ಲುಗಾವಲು, ಬಿಳಿಯ ಬಂಡೆ, ಇವೇ ದಡದ ಸಂಗಾತಿಗಳು.

ನದಿಯ ದಾರಿಯುದ್ದಕ್ಕೂ ಇತಿಹಾಸ ನಿಂತಿದೆ. ವೆರ್ನೊನ್ ಊರಿನ ಎದುರು ದಡದ ಬಳಿ ಜಿವೆರ್ನಿ. 1883ರಿಂದ 1926ರಲ್ಲಿ ಕಣ್ಣುಮುಚ್ಚುವವರೆಗೆ ಚಿತ್ರಕಾರ ಕ್ಲೋದ್ ಮೊನೆ ಬಾಳಿದ ಮನೆ, ಅವನು ತೋಡಿಸಿದ ತಾವರೆಯ ಕೊಳ ಅಲ್ಲಿವೆ. ಮುಂದೆ ಲೆಜ್ ಆಂದೆಲಿಯ ಬಂಡೆಯ ಮೇಲೆ, ಇಂಗ್ಲೆಂಡಿನ ಅರಸ ರಿಚರ್ಡನು 1196ರಿಂದ 1198ರವರೆಗೆ ಕಟ್ಟಿಸಿದ ಕೋಟೆಯ ಅವಶೇಷ. ಫ್ರೆಂಚರು ಅದನ್ನು 1204ರಲ್ಲಿ ಗೆದ್ದುಕೊಂಡರು. ಇನ್ನೂ ಮುಂದೆ ರುವಾಂ ನಗರ. ಜೋನ್ ಆಫ್ ಆರ್ಕಳನ್ನು 1431ರ ಮೇ 30ರಂದು ಜೀವಂತವಾಗಿ ಸುಟ್ಟ ಮಾರುಕಟ್ಟೆಯ ಚೌಕ ಅಲ್ಲಿದೆ.

ಆದರೆ ನೀರನ್ನೇ ಗಮನಿಸುವವನಿಗೆ ಇವೆಲ್ಲಕ್ಕಿಂತ ಮಹತ್ವದ ಸ್ಥಳ ರುವಾಂ ನಗರಕ್ಕಿಂತ ಮೊದಲೇ ಸಿಕ್ಕುವ ಪೋಜ್ ಎಂಬ ಹಳ್ಳಿ. ನೀರಿನ ಮಟ್ಟವನ್ನು ಏರಿಸಿ ಇಳಿಸಿ ಹಡಗನ್ನು ದಾಟಿಸುವ ಬಾಗಿಲುಗಳಿಗೆ ಲಾಕ್ ಎಂದು ಹೆಸರಷ್ಟೆ? ಪ್ಯಾರಿಸ್ಸಿನಿಂದ ಕೆಳಗೆ ಅಂಥ ಲಾಕುಗಳಲ್ಲಿ ಕೊನೆಯದು ಇಲ್ಲಿದೆ. ಇದನ್ನು ದಾಟಿದ ಮೇಲೆ ನದಿಯನ್ನು ಆಳುವುದು ಮನುಷ್ಯನ ಬಾಗಿಲಲ್ಲ, ಕಡಲಿನ ಉಬ್ಬರವಿಳಿತ. ಕಡಲು ಇನ್ನೂ ಸುಮಾರು 160 ಕಿಲೋಮೀಟರ್ ದೂರದಲ್ಲಿರುವಾಗಲೇ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ವೇಳೆಯಲ್ಲಿ ಹರಿವು ಹಿಮ್ಮುಖವಾಗುವುದೂ ಉಂಟು. ನದಿ ಕಡಲಿಗೆ ಹೋಗಿ ಸೇರುತ್ತದೆ ಎನ್ನುವುದು ಅರ್ಧ ಸತ್ಯ. ಕಡಲೂ ನದಿಯನ್ನು ಎದುರುಗೊಳ್ಳಲು ಬರುತ್ತದೆ. ಸಮುದ್ರಯಾನದ ದೊಡ್ಡ ಹಡಗುಗಳು ರುವಾಂವರೆಗೆ ಬರುವುದು ಈ ಉಬ್ಬರದ ಬಲದಿಂದಲೇ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರವಿಳಿತಗಳ ಅಂತರ ಎರಡು ಮೀಟರಿನ ಆಸುಪಾಸು. ಸೇನ್ ನದಿಯ ಅಳಿವೆಯಲ್ಲಿ ಅದು ಏಳೆಂಟು ಮೀಟರನ್ನು ಮುಟ್ಟುತ್ತದೆ. ಎರಡಂತಸ್ತಿನ ಮನೆಯಷ್ಟು ಎತ್ತರದ ನೀರು ಆರು ಗಂಟೆಗಳಲ್ಲಿ ಬಂದು ಆರು ಗಂಟೆಗಳಲ್ಲಿ ಹೋಗುತ್ತದೆಂದರೆ ಅದರ ಬಲವನ್ನು ಊಹಿಸಬಹುದು.

ಹಿಂದೆ ಈ ಬಲ ಕಣ್ಣಿಗೆ ಪ್ರತ್ಯಕ್ಷವಾಗುತ್ತಿತ್ತು. ದೊಡ್ಡ ಉಬ್ಬರದ ದಿನಗಳಲ್ಲಿ ಗೋಡೆಯಂಥ ಅಲೆಯೊಂದು ನದಿಯ ಒಳಕ್ಕೆ ನುಗ್ಗಿ ಬರುತ್ತಿತ್ತು. ಅದಕ್ಕೆ ಫ್ರೆಂಚರು ಮಸ್ಕರೆ ಎಂದು ಹೆಸರಿಟ್ಟಿದ್ದರು. ಕೋದ್‌ಬೆಕ್ ಊರಿನ ದಡದಲ್ಲಿ ಅದನ್ನು ನೋಡಲು ಜನ ನೆರೆಯುತ್ತಿದ್ದರು. ಎಚ್ಚರದಪ್ಪಿ ಮುಂದೆ ನಿಂತವರು ತೊಯ್ದು ಹಿಂದಕ್ಕೆ ಓಡುತ್ತಿದ್ದರು. ಹಡಗುಗಳ ಅನುಕೂಲಕ್ಕಾಗಿ ನದಿಗೆ ಕಟ್ಟೆಗಳನ್ನು ಕಟ್ಟಿ, ತಳದ ಹೂಳನ್ನು ತೆಗೆದ ಮೇಲೆ, 1960ರ ದಶಕದಲ್ಲಿ ಆ ಅಲೆ ಕಣ್ಮರೆಯಾಯಿತು. ಅದಕ್ಕೆ ಸಮೀಪದಲ್ಲೇ ವಿಲ್‌ಕಿಯೆ ಎಂಬ ಹಳ್ಳಿ. ವಿಕ್ಟರ್ ಹ್ಯೂಗೋ ಮಹಾಕವಿಯ ಹಿರಿಯ ಮಗಳು ಲೆಯೊಪೋಲ್ದೀನ್, ಮದುವೆಯಾದ ವರ್ಷವೇ, 1843ರ ಸೆಪ್ಟೆಂಬರ್ 4ರಂದು, ದೋಣಿ ಮಗುಚಿ ಗಂಡನೊಡನೆ ಇಲ್ಲಿ ಮುಳುಗಿಹೋದಳು. ಅವಳಿಗೆ ಹತ್ತೊಂಬತ್ತು ವರ್ಷ. ಪ್ರವಾಸದಲ್ಲಿದ್ದ ತಂದೆಗೆ ಸುದ್ದಿ ತಿಳಿದದ್ದು ದಿನಗಳು ಕಳೆದ ಮೇಲೆ, ದೂರದ ಊರಿನ ಕಾಫಿಯ ಅಂಗಡಿಯಲ್ಲಿ, ವೃತ್ತಪತ್ರಿಕೆಯ ಮೂಲಕ. 1856ರಲ್ಲಿ ಪ್ರಕಟವಾದ ಅವನ ಕವಿತಾಸಂಗ್ರಹದ ನಡುವಿನಲ್ಲಿ ಆ ಸಾವು ಒಂದು ಗೆರೆಯಂತೆ ನಿಂತು, ಹಿಂದಿನದನ್ನೂ ಮುಂದಿನದನ್ನೂ ಬೇರ್ಪಡಿಸುತ್ತದೆ. ವಿಹಾರನೌಕೆಯ ಮೇಲ್ಚಾವಣಿಯಲ್ಲಿ ಆರಾಮಕುರ್ಚಿ ಹಾಕಿ ಕುಳಿತವರಿಗೆ ಆ ನೀರು ಶಾಂತವಾಗಿ, ಸ್ವಲ್ಪ ಕಂದು ಬಣ್ಣವಾಗಿ ಕಂಡಿತು, ಅಷ್ಟೆ.

ಇನ್ನು ಓನ್‌ಫ್ಲರ್. ಅಳಿವೆಯ ತೆಂಕಣ ದಡದ ಈ ಊರು ಒಂದು ಕಾಲಕ್ಕೆ ಜಗತ್ತಿನ ಕಡೆಗೆ ತೆರೆದ ಬಾಗಿಲಾಗಿತ್ತು. ಕೆನಡಾದ ಕ್ವಿಬೆಕ್ ನಗರವನ್ನು ಸ್ಥಾಪಿಸಿದ ಷಾಂಪ್ಲೇನನ ಹಡಗು 1608ರಲ್ಲಿ ಹೊರಟದ್ದು ಇಲ್ಲಿಂದ. ಮೀನು, ಉಪ್ಪು, ಸಂಬಾರ ಪದಾರ್ಥಗಳ ವ್ಯಾಪಾರದಿಂದ ಊರು ಬೆಳೆಯಿತು. ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕದ ಜನರನ್ನು ಗುಲಾಮರಾಗಿ ಸಾಗಿಸಿದ ಹಡಗುಗಳೂ ಇಲ್ಲಿಂದ ಹೋದುವು ಎಂಬುದನ್ನು ಮರೆಯಲಾಗದು. ಹದಿನೇಳನೆಯ ಶತಮಾನದಲ್ಲಿ ನೌಕಾಧಿಪತಿ ದ್ಯುಕೇನನ ಸಲಹೆಯಂತೆ ನಿರ್ಮಾಣವಾದ ಹಳೆಯ ಹಡಗುಕೊಳ ಈಗಲೂ ಊರಿನ ಹೃದಯ. ಅದರ ಮೂರು ಕಡೆಗಳಲ್ಲಿ, ಕಲ್ಲಿನ ಹೊದಿಕೆಯ ಇಕ್ಕಟ್ಟಾದ ಎತ್ತರದ ಮನೆಗಳು ಭುಜಕ್ಕೆ ಭುಜ ತಗುಲಿಸಿ ನಿಂತಿವೆ. ಅವುಗಳ ನೆರಳು ನೀರಿನಲ್ಲಿ ನಡುಗುತ್ತಿರುತ್ತದೆ. ಹಡಗುಗಳು ಒಳಗೆ ಬರಬೇಕಾದರೆ ಇಂದಿಗೂ ಉಬ್ಬರದ ವೇಳೆಯನ್ನೇ ಕಾಯಬೇಕು.

ಊರಿನ ಅಚ್ಚರಿಯೆಂದರೆ ಸೇಂಟ್ ಕ್ಯಾಥರೀನಳ ಚರ್ಚು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷಗಳ ಯುದ್ಧದಲ್ಲಿ ಹಿಂದಿನ ಕಲ್ಲಿನ ಗುಡಿ ಹಾಳಾಯಿತು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಊರವರು ಮತ್ತೆ ಕಟ್ಟಲು ಹೊರಟಾಗ ಕೈಯಲ್ಲಿದ್ದುದು ಮರ, ಬಳಿಯಲ್ಲಿದ್ದವರು ಹಡಗು ಕಟ್ಟುವ ಬಡಗಿಗಳು. ಅವರು ತಮಗೆ ತಿಳಿದುದನ್ನೇ ಕಟ್ಟಿದರು. ಒಳಗೆ ನಿಂತು ಮೇಲೆ ನೋಡಿದರೆ, ಮಗುಚಿ ಹಾಕಿದ ಎರಡು ಹಡಗುಗಳ ಒಡಲು ಜೊತೆಯಾಗಿ ತಲೆಯ ಮೇಲೆ ಕವಿದಂತೆ ತೋರುತ್ತದೆ. ಗಂಟೆಯ ಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ. ಚೌಕದ ಆಚೆಗೆ ಬೇರೆಯಾಗಿ ನಿಂತಿದೆ. ಗಂಟೆಗಳ ಭಾರದ ಭಯವನ್ನೂ ಸಿಡಿಲಿನ ಭಯವನ್ನೂ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ದೇವರ ಮನೆಯನ್ನು ಕಟ್ಟುವಾಗಲೂ ತನ್ನ ಕಸುಬಿನ ಅಳತೆಯನ್ನು ಬಿಡದ ಆ ಬಡಗಿಗಳ ಮೇಲೆ ಗೌರವ ಹುಟ್ಟುತ್ತದೆ.

ಈ ಊರಿನ ವೈಭವವನ್ನು ಕುಗ್ಗಿಸಿದ್ದು ಶತ್ರುವಲ್ಲ, ಹೂಳು. ನದಿ ತಂದ ಮಣ್ಣೂ ಕಡಲು ತಂದ ಮರಳೂ ಕೂಡಿ ಅಳಿವೆಯ ಹಳೆಯ ಬಂದರುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದುವು. ಎದುರು ದಡದ ಆರ್‌ಫ್ಲರ್ ಬಂದರು ಹೂಳಿನಿಂದ ಕೆಟ್ಟುದರಿಂದ ಅರಸ ಮೊದಲನೆಯ ಫ್ರಾನ್ಸಿಸನು 1517ರಲ್ಲಿ ಲ ಆವ್ರ್ ಎಂಬ ಹೊಸ ಬಂದರನ್ನು ಸ್ಥಾಪಿಸಿದ. ದೊಡ್ಡ ಹಡಗುಗಳೆಲ್ಲ ಕ್ರಮೇಣ ಅಲ್ಲಿಗೆ ಹೋದುವು. ಆದರೆ ದುರ್ದೈವವೂ ಕೆಲವೊಮ್ಮೆ ಕಾಪಾಡುತ್ತದೆ. 1944ರ ಸೆಪ್ಟೆಂಬರಿನಲ್ಲಿ, ಜರ್ಮನರ ವಶದಲ್ಲಿದ್ದ ಲ ಆವ್ರ್ ಬಂದರಿನ ಮೇಲೆ ಬ್ರಿಟಿಷರ ವಿಮಾನಗಳು ಬಾಂಬಿನ ಮಳೆಗರೆದಾಗ ನಗರದ ನಡುಭಾಗವೆಲ್ಲ ನೆಲಸಮವಾಗಿ, ಸುಮಾರು ಎರಡು ಸಾವಿರ ನಾಗರಿಕರು ಮಡಿದರು. ವಾಸ್ತುಶಿಲ್ಪಿ ಓಗ್ಯೂಸ್ತ್ ಪೆರೆ ಅದನ್ನು ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿಸಿದ. ಆ ನಿರ್ಮಾಣಕ್ಕೆ 2005ರಲ್ಲಿ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಸಣ್ಣದಾಗಿ ಹಿಂದುಳಿದಿದ್ದ ಓನ್‌ಫ್ಲರ್ ಮಾತ್ರ ತನ್ನ ಹಳೆಯ ಮನೆಗಳೊಡನೆ ಉಳಿದುಕೊಂಡಿತು. ಇಂದು ಅದನ್ನು ನೋಡಲು ಜನ ಬರುವುದು ಅದು ಹಿಂದುಳಿದುದರಿಂದಲೇ. ಎರಡು ದಡಗಳನ್ನೂ 1995ರಲ್ಲಿ ನಾರ್ಮಂಡಿ ಸೇತುವೆ ಕೂಡಿಸಿತು. 2141 ಮೀಟರ್ ಉದ್ದದ ಈ ಸೇತುವೆಯ ನಡುವಣ ಕಮಾನಿಲ್ಲದ ಹಾದಿ, ತಂತಿಗಳಿಂದ ತೂಗಿದ್ದು, 856 ಮೀಟರ್. ಆ ಬಗೆಯ ಸೇತುವೆಗಳಲ್ಲಿ ಕೆಲವು ವರ್ಷಗಳ ಕಾಲ ಅದೇ ಲೋಕದಲ್ಲಿ ಮೊದಲನೆಯದಾಗಿತ್ತು.

ಓನ್‌ಫ್ಲರಿನಿಂದ ಹದಿನೈದು ಕಿಲೋಮೀಟರ್ ಪಡುವಣಕ್ಕೆ ಬಸ್ಸಿನಲ್ಲಿ ಹೋದರೆ ತ್ರೂವಿಲ್. ಇಲ್ಲಿ ನದಿಯ ಕಥೆ ಮುಗಿದು ಕಡಲತೀರದ ಕಥೆ ಮೊದಲಾಗುತ್ತದೆ. ಕಡಲತೀರಕ್ಕೆ ಸಂತೋಷಕ್ಕಾಗಿ ಹೋಗುವುದು ಮನುಷ್ಯನಿಗೆ ಸಹಜವೆಂದು ನಾವು ಇಂದು ತಿಳಿದಿದ್ದೇವೆ. ಅದು ಹಾಗಲ್ಲ. ಯೂರೋಪಿನ ಜನಕ್ಕೆ ಶತಮಾನಗಳ ಕಾಲ ಕಡಲು ಭಯದ ವಸ್ತುವಾಗಿತ್ತು: ಹಡಗು ಒಡೆಯುವ, ಕಳ್ಳರು ಇಳಿಯುವ, ಬಡವರು ಮೀನು ಹಿಡಿಯುವ ಜಾಗ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ವೈದ್ಯರು ಸಮುದ್ರಸ್ನಾನವನ್ನು ಔಷಧವೆಂದು ವಿಧಿಸತೊಡಗಿದರು. ರೋಗಿಗಳ ಹಿಂದೆ ಆರೋಗ್ಯವಂತರು ಬಂದರು, ಆರೋಗ್ಯವಂತರ ಹಿಂದೆ ವ್ಯಾಪಾರಿಗಳು. ಆ ಪದ್ಧತಿ ಕಾಲುವೆಯನ್ನು ದಾಟಿ ಫ್ರಾನ್ಸಿಗೂ ಬಂದು, 1820ರ ದಶಕದಲ್ಲಿ ದಿಯೆಪ್ ಪಟ್ಟಣದಲ್ಲಿ ರಾಜವಂಶದ ಆಶ್ರಯ ಪಡೆಯಿತು.

ತ್ರೂವಿಲ್ ಮೀನುಗಾರರ ಹಳ್ಳಿ. ಅದನ್ನು ಹೊರಗಿನವರಿಗೆ ತೋರಿಸಿಕೊಟ್ಟವನು ರಾಜನೂ ಅಲ್ಲ, ವೈದ್ಯನೂ ಅಲ್ಲ. 1825ರಲ್ಲಿ ಅಲ್ಲಿಗೆ ಬಂದ ಶಾರ್ಲ್ ಮೋಜೇನ್ ಎಂಬ ತರುಣ ಚಿತ್ರಕಾರ. ಅವನ ಚಿತ್ರಗಳನ್ನು ಕಂಡವರು ಊರನ್ನು ಕಾಣಬಯಸಿದರು. ಬಳಿಕ ಕಾದಂಬರಿಕಾರ ಅಲೆಗ್ಸಾಂಡರ್ ದ್ಯೂಮಾ ಬಂದ. 1836ರಲ್ಲಿ ಹದಿನಾಲ್ಕು ವರ್ಷದ ಬಾಲಕ ಫ್ಲೋಬೇರ್ ಇಲ್ಲಿನ ಮರಳದಂಡೆಯಲ್ಲಿ ಎಲೀಸಾ ಶ್ಲೆಸಿಂಜರ್ ಎಂಬ ವಿವಾಹಿತ ತರುಣಿಯನ್ನು ಕಂಡು, ಆ ಮೂಕ ಅನುರಾಗವನ್ನು ಬಾಳಿನುದ್ದಕ್ಕೂ ಹೊತ್ತು, ತನ್ನ ದೊಡ್ಡ ಕಾದಂಬರಿಯೊಂದರ ನಾಯಿಕೆಗೆ ಅವಳ ಛಾಯೆಯನ್ನು ಕೊಟ್ಟ. 1863ರಲ್ಲಿ ಪ್ಯಾರಿಸ್ಸಿನಿಂದ ರೈಲು ನೇರವಾಗಿ ಬಂತು. ಅಲ್ಲಿಗೆ ಹಳ್ಳಿಯ ದಿನಗಳು ತೀರಿದುವು.

ದೋವಿಲ್ ಪಟ್ಟಣದ್ದಾದರೋ ಬೇರೆಯ ಹುಟ್ಟು. ತೂಕ್ ಎಂಬ ಸಣ್ಣ ಹೊಳೆ ತ್ರೂವಿಲ್ಲಿನ ಪಕ್ಕದಲ್ಲೇ ಕಡಲನ್ನು ಸೇರುತ್ತದೆ. ಅದರ ಆಚೆಯ ದಡದಲ್ಲಿ ಆಗ ಇದ್ದುದು ಜೌಗು, ಮರಳದಿಬ್ಬ, ಮೇಯುವ ದನ. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಮಲಸೋದರನಾದ ಡ್ಯೂಕ್ ಮೊರ್ನಿ 1860ರ ಸುಮಾರಿಗೆ ತನ್ನ ಸಂಗಡಿಗರೊಡನೆ ಆ ನೆಲವನ್ನು ಕೊಂಡು, ನೀರನ್ನು ಬಸಿದು, ಗೆರೆ ಎಳೆದಂತೆ ಬೀದಿಗಳನ್ನು ಹಾಕಿಸಿ, ಕೆಲವೇ ವರ್ಷಗಳಲ್ಲಿ ಒಂದು ನಗರವನ್ನು ಎಬ್ಬಿಸಿದ. 1864ರಲ್ಲಿ ಕುದುರೆಯ ಪಂದ್ಯದ ಮೈದಾನವೂ ಸಿದ್ಧವಾಯಿತು. ಮರುವರ್ಷವೇ ಮೊರ್ನಿ ತೀರಿಕೊಂಡ. 1870ರಲ್ಲಿ ಚಕ್ರಾಧಿಪತ್ಯವೇ ಬಿತ್ತು. ಕಡಲೂ ಮರಳನ್ನು ಒತ್ತಿ ಹಿಂದೆ ಸರಿದು, ಕಡಲಿಗಾಗಿ ಕಟ್ಟಿದ ಊರನ್ನು ಕಡಲಿನಿಂದ ದೂರ ಮಾಡಿತು. 1912ರಲ್ಲಿ ಹೊಸ ಕಸೀನೋ, ಹೊಸ ಹೋಟಲು ಬರುವವರೆಗೆ ದೋವಿಲ್ಲಿಗೆ ಮಂಕು ಕವಿದಿತ್ತು. ಮುಂದಿನ ವರ್ಷ ಕೋಕೋ ಶನೆಲ್ ಅಲ್ಲೊಂದು ಅಂಗಡಿ ತೆರೆದು, ಬಿಗಿಯುಡುಪಿನಿಂದ ಹೆಂಗಸರನ್ನು ಬಿಡಿಸುವ ಸರಳ ವಸ್ತ್ರಗಳನ್ನು ಮಾರತೊಡಗಿದಳು.

ದೋವಿಲ್ಲಿನ ಕಡಲತೀರದುದ್ದಕ್ಕೂ 1920ರ ದಶಕದಲ್ಲಿ ಹಾಸಿದ ಮರದ ಹಲಗೆಯ ಕಾಲುದಾರಿಯಿದೆ. ಅದರ ಪಕ್ಕದಲ್ಲಿ ಸ್ನಾನಕ್ಕೆ ಉಡುಪು ಬದಲಿಸುವ ಕೋಣೆಗಳ ಸಾಲು. ಒಂದೊಂದರ ಮುಂದಣ ಅಡ್ಡಗಟ್ಟೆಯ ಮೇಲೂ ಚಲಚ್ಚಿತ್ರದ ನಟನಟಿಯರ ಹೆಸರುಗಳು. 1975ರಿಂದ ಇಲ್ಲಿ ಅಮೆರಿಕದ ಚಲಚ್ಚಿತ್ರಗಳ ಉತ್ಸವ ನಡೆದುಬಂದಿದೆ. ಮರಳಿನ ಮೇಲೆ ಕೆಂಪು, ಹಳದಿ, ನೀಲಿ, ಹಸುರು ಕೊಡೆಗಳು, ಹಗ್ಗದಿಂದ ಸೊಂಟ ಕಟ್ಟಿಕೊಂಡು ನಿಂತಿವೆ. ಊರು ಬಹು ಚೊಕ್ಕಟ. ಮರದ ಚೌಕಟ್ಟನ್ನು ಹೊರಕ್ಕೆ ತೋರಿಸುವ ನಾರ್ಮನ್ ಶೈಲಿಯ ಮನೆಗಳು ಅಂದವಾಗಿವೆ. ಆದರೆ ಬಹುಪಾಲು ಮನೆಗಳ ಕಿಟಕಿಗಳು ಮುಚ್ಚಿದ್ದುವು. ಖಾಯಂ ನಿವಾಸಿಗಳು ನಾಲ್ಕು ಸಾವಿರಕ್ಕೂ ಕಡಮೆ. ಉಳಿದವು ಪ್ಯಾರಿಸ್ಸಿನವರ ರಜೆಯ ಮನೆಗಳು. ದೀಪವಿಲ್ಲದ ಮನೆಗಳ ಬೀದಿಯಲ್ಲಿ ನಡೆಯುವಾಗ, ನಾಟಕ ಇಲ್ಲದ ದಿನ ರಂಗಮಂದಿರವನ್ನು ಹೊಕ್ಕಂತೆ ಅನಿಸಿತು.

ತೂಕ್ ಹೊಳೆಯನ್ನು ದಾಟಿದರೆ ತ್ರೂವಿಲ್. ಉಬ್ಬರವಿದ್ದಾಗ ಸಣ್ಣ ಕಡವಿನ ದೋಣಿ ಜನರನ್ನು ದಾಟಿಸುತ್ತದೆ; ಇಳಿತದಲ್ಲಿ ನೀರು ಬತ್ತಿ, ಕೆಳಗಿನ ಕಾಲುಹಾದಿಯ ಮೇಲೆ ನಡೆದೇ ಹೋಗಬಹುದು. ಅಲ್ಲಿ ಬದುಕು ಸ್ವಲ್ಪ ಗಟ್ಟಿಯಾಗಿ ಉಸಿರಾಡುತ್ತಿತ್ತು. ದಕ್ಕೆಯ ಪಕ್ಕದಲ್ಲಿ 1930ರ ದಶಕದಲ್ಲಿ ಕಟ್ಟಿದ ಮೀನಿನ ಮಾರುಕಟ್ಟೆಯಿದೆ. 2006ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು, ಊರವರು ಹಟದಿಂದ ಹಳೆಯ ಅಂದದಲ್ಲೇ ಮತ್ತೆ ಕಟ್ಟಿಸಿದರು. ಬಂಗುಡೆಯ ಜಾತಿಯ ಮೀನು, ನಮ್ಮ ನಂಗನ್ನು ಹೋಲುವ ಚಪ್ಪಟೆ ಮೀನು, ಬೂದುಬಣ್ಣದ ಸಣ್ಣ ಸಿಗಡಿ. ಮಂಜಿನ ಗಡ್ಡೆಯ ಮೇಲೆ ಹರಡಿದ ಮೀನಿನ ಹಿಂದೆ ನಿಂತು ಗಿರಾಕಿಯನ್ನು ಕೂಗಿ ಕರೆಯುವ ಹೆಂಗಸರ ದನಿಯಲ್ಲಿ ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯುವಂತಿತ್ತು.

ಈ ಎರಡು ದಡಗಳ ನಡುವಣ ಬಿರುಕನ್ನು ನೂರೈವತ್ತು ವರ್ಷಗಳಿಗೂ ಹಿಂದೆ ತನ್ನ ಮನಸ್ಸಿನಲ್ಲಿ ಅನುಭವಿಸಿದವನು ಯೂಜೀನ್ ಬೂದೇನ್. 1824ರಲ್ಲಿ ಓನ್‌ಫ್ಲರಿನಲ್ಲಿ ನಾವಿಕನ ಮಗನಾಗಿ ಹುಟ್ಟಿದ ಈತ ಬಾಲ್ಯದಲ್ಲಿ ಹಡಗಿನ ಹುಡುಗನಾಗಿ ದುಡಿದವನು. ಮುಂದೆ ಲ ಆವ್ರ್ ನಗರದಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟು, ಬಳಿಕ ತಾನೇ ಕುಂಚ ಹಿಡಿದ. ಮುಗಿಲು, ಗಾಳಿ, ನೀರು ಇವೇ ಅವನ ವಸ್ತು. ತನ್ನ ಮುಗಿಲಿನ ಚಿತ್ರಗಳ ಮೇಲೆ ದಿನ, ಹೊತ್ತು, ಗಾಳಿಯ ದಿಕ್ಕುಗಳನ್ನು ಬರೆದಿಡುತ್ತಿದ್ದ. ಆ ಬರಹವನ್ನು ಕೈಯಿಂದ ಮುಚ್ಚಿದರೂ ನೋಡುವವನು ಅದನ್ನು ಊಹಿಸಬಲ್ಲನೆಂದು ಕವಿ ಬೋದಲೇರ್ 1859ರಲ್ಲಿ ಮೆಚ್ಚಿ ಬರೆದ. ಲ ಆವ್ರ್ ನಗರದಲ್ಲಿ ವ್ಯಂಗ್ಯಚಿತ್ರ ಬಿಡಿಸಿ ಹಣ ಗಳಿಸುತ್ತಿದ್ದ ತರುಣ ಮೊನೆಯನ್ನು ಬಯಲಿಗೆ ಕರೆದೊಯ್ದು, ಬೆಳಕಿನ ಎದುರಿನಲ್ಲೇ ಕುಳಿತು ಚಿತ್ರ ಬರೆಯಲು ಕಲಿಸಿದವನೂ ಇವನೇ. ತಾನು ಚಿತ್ರಕಾರನಾದದ್ದು ಬೂದೇನನ ಋಣವೆಂದು ಮೊನೆ ಮುಪ್ಪಿನಲ್ಲಿಯೂ ಹೇಳುತ್ತಿದ್ದ.

1860ರ ದಶಕದಲ್ಲಿ ಬೂದೇನನಿಗೆ ಹೊಸ ವಸ್ತುವೊಂದು ದೊರೆಯಿತು: ತ್ರೂವಿಲ್ಲಿನ ಮರಳಿನ ಮೇಲೆ ಕುರ್ಚಿ ಹಾಕಿ ಕುಳಿತ ಪ್ಯಾರಿಸ್ಸಿನ ಸಿರಿವಂತರು. ಅಗಲವಾದ ಸಣ್ಣ ಚಿತ್ರಪಟಗಳು; ಅವುಗಳಲ್ಲಿ ಮುಕ್ಕಾಲುಪಾಲು ಆಕಾಶ; ಕೆಳಗೆ ಬುಟ್ಟಿಯಂತೆ ಉಬ್ಬಿದ ಲಂಗಗಳು, ಕೊಡೆಗಳು, ಟೋಪಿಗಳು, ಒಂದೆರಡು ನಾಯಿಗಳು. ಮುಖಗಳಿಗೆ ರೇಖೆಗಳೇ ಇಲ್ಲ. ಈ ಚಿತ್ರಗಳಿಂದ ಅವನಿಗೆ ಹೆಸರೂ ಹಣವೂ ಬಂದುವು. ಆದರೆ 1867ರಲ್ಲಿ ಬ್ರಿಟನಿಯ ಬಡಜನರ ನಡುವೆ ಕೆಲಕಾಲ ಇದ್ದು ಹಿಂದಿರುಗಿದಾಗ, ಈ ತೀರ ತನಗೆ ಹೇಸಿಗೆ ಹುಟ್ಟಿಸುವ ವೇಷಾಟದಂತೆ ಕಾಣುತ್ತದೆ, ಇಂಥ ಸೋಮಾರಿಗಳನ್ನು ಚಿತ್ರಿಸಲು ನಾಚಿಕೆಯಾಗುತ್ತದೆ ಎಂಬ ಅರ್ಥದಲ್ಲಿ ಮಿತ್ರನೊಬ್ಬನಿಗೆ ಕಾಗದ ಬರೆದ. ದುಡಿಯುವ ಕೈಗಳ ನಡುವೆ ಬೆಳೆದವನ ಮನಸ್ಸು ಅದು. ಅದರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ.

ಕುತೂಹಲದ ವಿಷಯವೆಂದರೆ ಮರುವರ್ಷ ಅದೇ ಮಿತ್ರನಿಗೆ ಆತ ಬೇರೊಂದು ಮಾತು ಬರೆದ. ಹೊಲದ ರೈತನನ್ನು ಚಿತ್ರಿಸುವವರು ಹಲವರಿದ್ದಾರೆ, ಅದು ಒಳ್ಳೆಯದೇ. ಆದರೆ ಸಂಜೆಯ ಬೆಳಕಿನ ಕಡೆಗೆ ಕಟ್ಟೆಯ ಮೇಲೆ ನಡೆದುಹೋಗುವ ಈ ಪಟ್ಟಣಿಗರಿಗೂ ಚಿತ್ರದಲ್ಲಿ ಜಾಗ ಬೇಡವೆ? ಇವರಲ್ಲಿ ಅನೇಕರು ಕಚೇರಿಯ ದುಡಿಮೆಯಿಂದ ದಣಿದು ಬಿಡುವಿಗಾಗಿ ಬಂದವರು. ಪರಾನ್ನಜೀವಿಗಳು ಇದ್ದಾರು, ತಮ್ಮ ಕೆಲಸವನ್ನು ಮಾಡಿ ಮುಗಿಸಿದವರೂ ಇದ್ದಾರಲ್ಲವೆ? ಆ ಪತ್ರದ ತಾತ್ಪರ್ಯ ಇಷ್ಟು. ಎರಡು ಪತ್ರಗಳಲ್ಲಿ ಯಾವುದು ನಿಜ ಎಂದು ಕೇಳುವುದು ವ್ಯರ್ಥ. ಒಂದರಲ್ಲಿ ನ್ಯಾಯಬುದ್ಧಿಯಿದೆ, ಇನ್ನೊಂದರಲ್ಲಿ ಕರುಣೆಯಿದೆ. ಎರಡನ್ನೂ ಇಟ್ಟುಕೊಂಡೇ ಅವನು ಮುಂದೆಯೂ ಬರೆದ. ವಿಹಾರಿಗಳನ್ನು ಚಿತ್ರಿಸಿದ ಅದೇ ಕೈ ತೂಕ್ ಹೊಳೆಯ ದಡದಲ್ಲಿ ಮಂಡಿಯೂರಿ ಬಟ್ಟೆ ಒಗೆಯುವ ಹೆಂಗಸರನ್ನು ಮತ್ತೆ ಮತ್ತೆ ಚಿತ್ರಿಸಿತು. ಅವರಿಗೂ ಮುಖದ ರೇಖೆಗಳಿಲ್ಲ. ಅವರ ಮೇಲೆಯೂ ಅದೇ ಆಕಾಶ, ಅದೇ ಅಳತೆಯ ಬೆಳಕು. ಲಂಗದ ಒಡತಿಗೂ ಅದನ್ನು ಒಗೆಯುವವಳಿಗೂ ಅವನ ಮುಗಿಲು ಭೇದ ಮಾಡಲಿಲ್ಲ.

1870ರ ಬೇಸಗೆಯಲ್ಲಿ, ಆಗತಾನೆ ಮದುವೆಯಾಗಿದ್ದ ಮೊನೆ ಹೆಂಡತಿ ಕಮೀಲ್ ಹಾಗೂ ಮಗುವಿನೊಡನೆ ತ್ರೂವಿಲ್ಲಿಗೆ ಬಂದ. ಜುಲೈ ತಿಂಗಳಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಮೊದಲಾಗಿತ್ತು. ಕೈಯಲ್ಲಿ ಹಣವಿಲ್ಲ; ಮುಂದೇನೆಂಬುದು ತಿಳಿಯದು. ಆ ದಿನಗಳಲ್ಲಿ ಮರಳಿನ ಮೇಲೆ ಕುಳಿತು ಅವನು ಬರೆದ ಚಿತ್ರವೊಂದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೊಡೆ ಹಿಡಿದ ಇಬ್ಬರು ಹೆಂಗಸರು, ನಡುವೆ ಒಂದು ಬರಿಯ ಕುರ್ಚಿ. ತಜ್ಞರು ಅದನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿಕೊಂಡಿರುವುದು ಕಂಡುಬಂತು. ಗಾಳಿ ಎಸೆದ ಆ ಮರಳು ಬಣ್ಣ ಒಣಗುವ ಮುನ್ನ ಅಂಟಿಕೊಂಡಿದೆ. ಆ ಶರತ್ಕಾಲದಲ್ಲೇ ಮೊನೆ ಇಂಗ್ಲೆಂಡಿಗೆ ಹೊರಟುಹೋದ. ಮೊನೆಯೂ ತ್ರೂವಿಲ್ಲಿನಲ್ಲಿ ಪ್ರವಾಸಿಯೇ. ಕೆಲವು ವಾರಗಳು ಮಾತ್ರ ಇದ್ದವನು. ಆದರೆ ಊರಿನ ಒಂದು ಹಿಡಿ ನೆಲ ಅವನ ಕೃತಿಯಲ್ಲಿ ಉಳಿದಿದೆ. ಎಷ್ಟು ಹೊತ್ತು ನಿಂತೆವೆಂಬುದಕ್ಕಿಂತ, ನಿಂತಷ್ಟು ಹೊತ್ತು ಊರಿನ ಗಾಳಿಗೆ ಮೈಯೊಡ್ಡಿದೆವೇ ಎಂಬುದು ಮುಖ್ಯವೆಂದು ಆ ಕಣಗಳು ಸಾಕ್ಷಿ ನುಡಿಯುತ್ತವೆ.

ನೋಡುವವನ ಕಣ್ಣು ಹೀಗೆ ಊರನ್ನು ಉಳಿಸಬಲ್ಲುದು, ಬದಲಿಸಲೂ ಬಲ್ಲುದು. ಓನ್‌ಫ್ಲರಿನ ಮೇಲಣ ಗುಡ್ಡದಲ್ಲಿ ಸೇಂಟ್ ಸಿಮಿಯೋನ್ ಎಂಬ ತೋಟದ ಮನೆಯೊಂದಿತ್ತು. ಬೂದೇನ್, ಮೊನೆ, ಕೂರ್ಬೆ ಮೊದಲಾದವರು ಅಲ್ಲಿನ ಸೇಬಿನ ಮರಗಳ ಕೆಳಗೆ ಅಗ್ಗದ ಊಟ ಮಾಡಿ, ಕಡಲನ್ನು ನೋಡುತ್ತ ಚಿತ್ರ ಬರೆಯುತ್ತಿದ್ದರು. ಅದು ಈಗ ಸಿರಿವಂತರ ಹೋಟಲು. ಆ ಬಡ ಚಿತ್ರಕಾರರಲ್ಲಿ ಒಬ್ಬನಿಗೂ ಅಲ್ಲಿ ಒಂದು ರಾತ್ರಿ ತಂಗುವ ಶಕ್ತಿಯಿರಲಾರದು. ಚಿತ್ರ ಊರನ್ನು ಪ್ರಸಿದ್ಧಿಗೆ ತಂದಿತು, ಪ್ರಸಿದ್ಧಿ ಬೆಲೆಯನ್ನು ಏರಿಸಿತು, ಏರಿದ ಬೆಲೆ ಚಿತ್ರಕಾರನನ್ನೂ ಮೀನುಗಾರನನ್ನೂ ಒಟ್ಟಿಗೆ ಹೊರಗೆ ಕಳುಹಿಸಿತು. ಇದರಲ್ಲಿ ಯಾರೂ ದುರ್ಜನರಲ್ಲ. ಆದರೂ ಫಲ ಹೀಗಾಯಿತು.

ಈ ಪ್ರಶ್ನೆ ಫ್ರಾನ್ಸಿನದು ಮಾತ್ರವೆಂದು ನಾವು ನಿಶ್ಚಿಂತರಾಗುವಂತಿಲ್ಲ. ಮಲ್ಪೆಯಲ್ಲಿ ಮೀನುಗಾರಿಕೆಯ ಬಂದರೂ ವಿಹಾರಿಗಳ ಮರಳದಂಡೆಯೂ ಪಕ್ಕಪಕ್ಕದಲ್ಲಿವೆ. ಗೋಕರ್ಣದ ತೀರಗಳಿಗೆ ಕ್ಷೇತ್ರದರ್ಶನಕ್ಕೆ ಬರುವವರಷ್ಟೇ ಕಡಲಿನ ದರ್ಶನಕ್ಕೆ ಬರುವವರೂ ಇದ್ದಾರೆ. ನಮ್ಮ ಅಳಿವೆಗಳ ಬಾಯಲ್ಲಿ ಬಲೆ ಒಣಗಿಸುವ ಜಾಗಕ್ಕೂ ಕುರ್ಚಿ ಹಾಕುವ ಜಾಗಕ್ಕೂ ನಡುವೆ ಗೆರೆ ಎಲ್ಲಿ ಬೀಳಬೇಕೆಂಬುದನ್ನು ನಾವೂ ತೀರ್ಮಾನಿಸಬೇಕಾಗಿದೆ. ದೋವಿಲ್ಲಿನ ಮುಚ್ಚಿದ ಕಿಟಕಿಗಳನ್ನೂ, ಬೆಂಕಿಗೆ ಬಿದ್ದರೂ ಮತ್ತೆ ಎದ್ದ ತ್ರೂವಿಲ್ಲಿನ ಮೀನಿನ ಮಾರುಕಟ್ಟೆಯನ್ನೂ ಎದುರಿಗಿಟ್ಟುಕೊಂಡು ಯೋಚಿಸಿದರೆ ದಾರಿ ಕಂಡೀತು. ಅತಿಥಿ ಬರಲಿ, ಮನೆಯವರು ಮನೆಯಲ್ಲೇ ಇರುವಂತಾಗಲಿ. ಆತಿಥ್ಯವೆಂಬ ಮಾತಿಗೆ ಅರ್ಥ ಬರುವುದು ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ.

ಕಡಲು ಈ ಲೆಕ್ಕಾಚಾರಗಳನ್ನು ಕೇಳಿಸಿಕೊಳ್ಳುವುದಿಲ್ಲ. ಒಮ್ಮೆ ಹಿಂದೆ ಸರಿದು ದೋವಿಲ್ಲನ್ನು ಬಡವಾಗಿಸಿದ ಅದು, ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ, ಮೊರ್ನಿಯು ಜೌಗನ್ನು ಬಸಿದು ಕಟ್ಟಿಸಿದ ತಗ್ಗಿನ ಬೀದಿಗಳ ಕಡೆಗೆ ಮೆಲ್ಲನೆ ಏರತೊಡಗಿದೆ. ಬೂದೇನ್ ತನ್ನ ಕೊನೆಯ ದಿನಗಳಲ್ಲಿ, ಕಾಯಿಲೆ ಬಲಿತಾಗ, ತಾನು ಹುಟ್ಟಿದ ಸೀಮೆಯ ಕಡಲನ್ನು ಕಾಣಬೇಕೆಂದು ದೋವಿಲ್ಲಿನ ತನ್ನ ಮನೆಗೆ ಬಂದು, 1898ರ ಆಗಸ್ಟಿನಲ್ಲಿ ಅಲ್ಲೇ ಕಣ್ಣುಮುಚ್ಚಿದ. ವೇಷಾಟವೆಂದು ಒಮ್ಮೆ ಅವನು ಜರೆದ ಅದೇ ತೀರ. ಅವನು ನೋಡಲು ಬಂದದ್ದು ವಿಹಾರಿಗಳನ್ನಲ್ಲ, ಊರನ್ನೂ ಅಲ್ಲ. ಬಣ್ಣ ಬದಲಿಸುತ್ತ ಬಂದು ಹೋಗುವ ಆ ನೀರನ್ನು, ಅದರ ಮೇಲಣ ಮುಗಿಲನ್ನು.

ಸಂಜೆ ಬಸ್ಸು ನಮ್ಮನ್ನು ಓನ್‌ಫ್ಲರಿಗೆ ಮರಳಿ ತಂದಿತು. ನೌಕೆ ಹೊರಡುವ ಹೊತ್ತನ್ನು ಹಲಗೆಯ ಮೇಲೆ ಬರೆದಿದ್ದರು. ಅದು ಊಟದ ವೇಳೆಗೂ ಹೊಂದುತ್ತಿರಲಿಲ್ಲ, ನಿದ್ದೆಯ ವೇಳೆಗೂ ಹೊಂದುತ್ತಿರಲಿಲ್ಲ. ಉಬ್ಬರದ ವೇಳೆಗೆ ಹೊಂದುತ್ತಿತ್ತು. ನೂರು ಮಂದಿ ಪ್ರಯಾಣಿಕರಲ್ಲಿ ಒಬ್ಬರೂ ಅದಕ್ಕೆ ಆಕ್ಷೇಪಿಸಲಿಲ್ಲ.